ಹೆಸರು ಹೇಳದ ವಿನಂತಿ

ನನ್ನ ತಂಗಿಯನ್ನು ಸಭೆಯಿಂದ ಹೊರಗೆ ಹಾಕಿದವರು ಯಾರೆಂದು ಕೇಳಿದರೆ ಹಿರಿಯರ ಕಡೆ ಬೆರಳು ತೋರಿಸಬಹುದು. ಮನೆಯಲ್ಲಿ ಗಂಡನ ಎದುರು ಬೇಕಾದಷ್ಟು ಸಲ ತೋರಿಸಿದ್ದೇನೆ. ಆದರೆ ಆ ಕೆಲಸಕ್ಕೆ ಮೊದಲು ಕೈ ಹಾಕಿದವಳು ನಾನೇ, ಅದೂ ಪ್ರಾರ್ಥನೆಯ ಹೆಸರಿನಲ್ಲಿ.

ನಮ್ಮ ಸಭೆ ಲಷ್ಕರ್ ಮೊಹಲ್ಲಾದಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಹಾಲ್‌ನಲ್ಲಿ ಸೇರುತ್ತದೆ. ದೊಡ್ಡ ಚರ್ಚುಗಳವರು ಸಡಿಲವಾಗಿಬಿಟ್ಟರು ಎಂದು ಮುನಿಸಿಕೊಂಡು ಬೇರೆಯಾಗಿ ಬಂದವರು ನಮ್ಮ ಹಿರಿಯರು. ಸಿನಿಮಾ ಇಲ್ಲ, ಒಡವೆ ಇಲ್ಲ, ಹೆಂಗಸರ ತಲೆಯ ಮೇಲೆ ಸೆರಗು ಇರಲೇಬೇಕು. ಬುಧವಾರ ಮಧ್ಯಾಹ್ನ ಹೆಂಗಸರ ಪ್ರಾರ್ಥನೆ. ಚಾಪೆಯ ಮೇಲೆ ಸುತ್ತ ಕೂತು ಒಬ್ಬೊಬ್ಬರೂ ತಮ್ಮ ವಿನಂತಿ ಹೇಳಬೇಕು. ಮಂಡಿನೋವು, ಮಗನ ಪರೀಕ್ಷೆ, ಗಂಡನ ಕುಡಿತ. ನಾಚಿಕೆಯ ಸಂಗತಿಯಾದರೆ ಹೆಸರು ಹೇಳುವಂತಿಲ್ಲ, 'ಒಬ್ಬ ಸಹೋದರಿ' ಎನ್ನಬೇಕು. ಆ ಸಹೋದರಿ ಯಾರೆಂಬುದು ಮೆಟ್ಟಿಲು ಇಳಿಯುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಬೇರೆಯವರ ಸಹೋದರಿಯರನ್ನು ಕಂಡುಹಿಡಿಯುವುದರಲ್ಲಿ ನಾನೂ ಹಿಂದೆ ಬಿದ್ದವಳಲ್ಲ.

ತಂಗಿ ಶಾಲೆಯಲ್ಲಿ ಗಣಿತದ ಟೀಚರ್. ಭಾನುವಾರ ಸಭೆಯ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಲಕ್ಷ್ಮೀಪುರಂನಲ್ಲಿ ಬಾಡಿಗೆ ಮನೆ, ಜೊತೆಗೆ ಒಬ್ಬ ನರ್ಸ್. ಆರು ವರ್ಷ ಆ ಹುಡುಗಿಯನ್ನು ನಾವು ರೂಮ್‌ಮೇಟ್ ಎಂದೇ ಕರೆದೆವು, ಕ್ರಿಸ್‌ಮಸ್‌ಗೆ ಕೇಕ್ ಕಳಿಸಿದೆವು. ನಾನು ಒಂದು ಗಂಡಿನ ಫೋಟೊ ಹಿಡಿದುಕೊಂಡು ಹೋದ ದಿನ ತಂಗಿ ಕುಕ್ಕರ್ ಆರಿಸಿ ಬಂದು ನನ್ನನ್ನು ಕೂರಿಸಿದಳು.

"ನಂಗೆ ಗಂಡು ನೋಡೋದು ನಿಲ್ಸಕ್ಕ. ನಾನು ಇವಳ ಜೊತೆ ಬಾಳ್ತಾ ಇದೀನಿ. ಬರೀ ಸ್ನೇಹಿತೆ ಅಲ್ಲ, ಗೊತ್ತಾಯ್ತಾ? ನಿಂಗೊಬ್ಳಿಗೇ ಹೇಳ್ತಿರೋದು ಕಣಕ್ಕ. ನಂಗೆ ಸಭೇನೂ ಬೇಕು, ಅದನ್ನ ಬುಟ್ಟು ಇರಕ್ಕಾಗಲ್ಲ."

ಆಯ್ತು ಎಂದು ತಲೆಯಾಡಿಸಿ ಬಂದೆ. ಹತ್ತು ದಿನ ಊಟ ಸೇರಲಿಲ್ಲ. ಅವಳು ನರಕಕ್ಕೆ ಹೋಗುತ್ತಾಳೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ನಮ್ಮಲ್ಲಿ ಅದು ಸುಮ್ಮನೆ ಬಾಯಿಮಾತಿನ ನರಕವಲ್ಲ. ಹೆಚ್ಚು ಜನ ಸೇರಿದಷ್ಟೂ ಪ್ರಾರ್ಥನೆ ಬೇಗ ಮುಟ್ಟುತ್ತದೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳಿಗೆ ಒಬ್ಬಳೇ ಮಾಡಿದ್ದು ಸಾಲದು ಅನ್ನಿಸಿತು. ಬುಧವಾರ ನನ್ನ ಸರದಿ ಬಂದಾಗ, "ಒಬ್ಬ ಸಹೋದರಿ ಇನ್ನೊಬ್ಬ ಹೆಂಗಸಿನ ಜೊತೆ ತಪ್ಪು ಸಂಬಂಧದಲ್ಲಿದ್ದಾಳೆ, ಅವಳ ಬಿಡುಗಡೆಗೆ ಪ್ರಾರ್ಥಿಸಿ" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಅತ್ತುಬಿಟ್ಟೆ. ಯಾರೋ ಪರಿಚಯದವಳಿಗಾಗಿ ಯಾರೂ ಹಾಗೆ ಅಳುವುದಿಲ್ಲ. ಪಕ್ಕದಲ್ಲಿದ್ದ ಪಾಸ್ಟರಮ್ಮ ನನ್ನ ಬೆನ್ನು ಸವರುತ್ತಾ ಕಿವಿಯ ಹತ್ತಿರ ಬಾಗಿ, "ನಿಮ್ ಚಿಕ್ಕೋಳಾ?" ಎಂದು ಕೇಳಿದರು. ನಾನು ಇಲ್ಲ ಎನ್ನಲಿಲ್ಲ.

ಆ ವಾರವೇ ಹಿರಿಯರು ತಂಗಿಯನ್ನು ಕರೆಸಿದರು. ಅವಳು ಸುಳ್ಳು ಹೇಳಲಿಲ್ಲ. ಪಾಸ್ಟರು ಗದರಲೂ ಇಲ್ಲ. "ನಿನ್ ಮೇಲೆ ಕೋಪ ಇಲ್ಲಮ್ಮ. ಆ ಮನೆ ಬುಟ್ಟು ಬಾ, ಪಶ್ಚಾತ್ತಾಪದ ಕಾಗದ ಬರ್ಕೊಡು, ಸಭೆ ಮುಂದೆ ಓದಿ ಮುಗಿಸ್ಬುಡೋಣ" ಎಂದರು. ಅವಳು ಆಗುವುದಿಲ್ಲ ಎಂದಳು. ಮಕ್ಕಳ ಹಾಡಿನ ಕ್ಲಾಸು ಹೋಯಿತು. ಪಾಪ ಒಪ್ಪಿಕೊಳ್ಳುವವರೆಗೆ ಕೊನೆಯ ಬೆಂಚು, ಭಾನುವಾರ ಯೇಸುವಿನ ನೆನಪಿಗೆ ಮುರಿದು ಹಂಚುವ ಕರ್ತನ ರೊಟ್ಟಿಯಲ್ಲಿ ಪಾಲಿಲ್ಲ ಎಂದು ತೀರ್ಮಾನವಾಯಿತು. ಹೊರಗೆ ಬಂದು ಅವಳು, ಬಾಗಿಲ ಹತ್ತಿರ ಕಾಯುತ್ತಿದ್ದ ನನ್ನನ್ನು ಕೇಳಿದ್ದು ಒಂದೇ ಮಾತು.

"ದೇವ್ರಿಗೆ ಹೇಳಕ್ಕೆ ಅಷ್ಟು ಜನ ಬೇಕಿತ್ತಾ ಅಕ್ಕ?"

ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ನಾಲ್ಕು ತಿಂಗಳು ಒಂದು ಭಾನುವಾರವೂ ತಪ್ಪಿಸದೆ ಬಂದು, ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಒಬ್ಬಳೇ ಕೂತು, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು. ನಮ್ಮಲ್ಲಿ ರೊಟ್ಟಿ ಒಂದೇ. ಅದು ತಟ್ಟೆಯಲ್ಲಿ ಕೈಯಿಂದ ಕೈಗೆ ಬರುತ್ತದೆ, ಪ್ರತಿಯೊಬ್ಬರೂ ಒಂದು ತುಂಡು ಮುರಿದುಕೊಂಡು ಪಕ್ಕದವರಿಗೆ ದಾಟಿಸಬೇಕು. ಆ ರೊಟ್ಟಿ ಮಾಡುವವಳು ನಾನು. ಶನಿವಾರ ಸಂಜೆ ಹುಳಿಯಿಲ್ಲದ ಹಿಟ್ಟು ನಾದಿ ಕಾವಲಿಯ ಮೇಲೆ ಬೇಯಿಸುತ್ತೇನೆ. ನನ್ನ ಜಾಗ ಅವಳ ಮುಂದಿನ ಬೆಂಚಿನಲ್ಲಿ, ಗೋಡೆಯ ಬದಿ. ಹಾಗಾಗಿ ತಟ್ಟೆ ಕೊನೆಗೆ ನನ್ನ ಹತ್ತಿರವೇ ನಿಲ್ಲುತ್ತಿತ್ತು, ಅಲ್ಲಿಂದ ಅದನ್ನು ಮುಂದಿನ ಮೇಜಿಗೆ ವಾಪಸ್ ಒಯ್ಯುವುದೂ ನನ್ನ ಪಾಲಿಗೇ ಬಂತು.

ಒಂದು ಭಾನುವಾರ ತಟ್ಟೆ ನನ್ನ ಕೈಗೆ ಬಂದಾಗ ಹೆಗಲ ಪಕ್ಕದಲ್ಲಿ ಅವಳ ಕೈ ಕಂಡಿತು. ಚಿಕ್ಕಂದಿನಲ್ಲಿ ನನ್ನ ತಟ್ಟೆಯ ತಿಂಡಿ ಕೇಳುತ್ತಿದ್ದ ಹಾಗೇ ಅಂಗೈ ಚಾಚಿದ್ದಳು. ತಟ್ಟೆಯಲ್ಲಿ ಒಂದು ತುಂಡು ಉಳಿದಿತ್ತು. ಎಲ್ಲರೂ ಕಣ್ಣು ಮುಚ್ಚಿ ತಲೆ ಬಗ್ಗಿಸಿದ್ದರು, ಪಾಸ್ಟರು ಕೂಡ. ಯಾರೋ ನೋಡಿದರು ಎಂಬ ನೆಪವೂ ನನಗಿಲ್ಲ. ಎದ್ದು ತಟ್ಟೆಯನ್ನು ಮುಂದಕ್ಕೆ ಒಯ್ದು ಮೇಜಿನ ಮೇಲಿಟ್ಟೆ. ತಿರುಗಿ ಬಂದಾಗ ಕೊನೆಯ ಬೆಂಚು ಖಾಲಿಯಾಗಿತ್ತು.

ಎರಡು ವರ್ಷವಾಯಿತು. ಇಬ್ಬರೂ ಬನ್ನಿಮಂಟಪದ ಕಡೆ ಮನೆ ಮಾಡಿದ್ದಾರಂತೆ, ಯಾವ ಕ್ರಾಸು ಗೊತ್ತಿಲ್ಲ. ನನ್ನ ಫೋನ್ ಎತ್ತುವುದಿಲ್ಲ. ನಾನು ಬುಧವಾರ ಇನ್ನೂ ಹೋಗುತ್ತೇನೆ. ಇಷ್ಟಾದ ಮೇಲೂ ಯಾಕೆ ಎಂದರೆ, ಹುಟ್ಟಿದಾಗಿನಿಂದ ಬೇರೆ ಜನವೇ ಗೊತ್ತಿಲ್ಲ. ಈ ಉತ್ತರ ಕೊಡುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ಅಲ್ಲಿ ಆ 'ಒಬ್ಬ ಸಹೋದರಿ'ಗಾಗಿ ಪ್ರಾರ್ಥನೆ ನಿಂತಿಲ್ಲ. ವಿನಂತಿ ಕೊಟ್ಟವರೇ ಕೊನೆಯಲ್ಲಿ ಆಮೆನ್ ಹೇಳುವುದು ನಮ್ಮ ಪದ್ಧತಿ, ಪ್ರತಿ ವಾರ ಹೇಳುತ್ತೇನೆ.

ಹೋದ ಬುಧವಾರ ಪಾಸ್ಟರಮ್ಮ, "ಬೇರೆ ಏನಾದ್ರೂ ವಿನಂತಿ ಇದ್ಯಾ ಸಿಸ್ಟರ್?" ಎಂದು ಕೇಳಿದರು. ಇತ್ತು. ತಂಗಿ ಒಂದೇ ಒಂದು ಸಲ ಫೋನ್ ಎತ್ತಲಿ ಎಂದು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಏನೂ ಇಲ್ಲಮ್ಮ" ಎಂದೆ. ಅವಳ ವಿಷಯವನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಅದೇ ಮೊದಲು.