ಡುವಾಲ್‌ನ ಕೊಟ್ಟಿಗೆಯಲ್ಲಿದ್ದ ಸ್ಟೆಪ್ನಿ

ಸೆಪ್ಟೆಂಬರ್ ಕೊನೆಯ ವಾರ ಅಕ್ಕ ಗಡುವು ಕೊಟ್ಟಳು.

"ಶನಿವಾರದೊಳಗೆ ಸ್ಟೆಪ್ನಿ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಭಾನುವಾರ ಹಾಗೇ ಹೊರಡ್ತೀನಿ. ಹಿಮ ಶುರುವಾದ್ರೆ ಮುಗೀತು, ಮತ್ತೆ ಮುಂದಿನ ಬೇಸಿಗೇನೇ."

ನಾವು ಬಂದು ನೆಲೆಸಿದ ಈ ಪರದೇಶದಲ್ಲಿ, ಇಸ್ಸಾಕ್ವಾ ಊರಿನ ತನ್ನ ಮನೆಯಿಂದ ಘಾಟಿ ಹತ್ತಿ, ಆಚೆಯ ಒಣ ಬಯಲಿನವರೆಗೆ ತನ್ನ ಕೆಂಪು ಸ್ಪೋರ್ಟ್ಸ್ ಕಾರನ್ನು ಓಡಿಸಬೇಕೆಂಬುದು ಅವಳ ಆಸೆ. ಎರಡೇ ಸೀಟಿನ, ನನಗಿಂತ ಇಪ್ಪತ್ತು ವರ್ಷ ಹಿರಿಯ ಕಾರು. ಕೊಂಡಾಗಲೇ ಅದರಲ್ಲಿ ಸ್ಟೆಪ್ನಿ ಇರಲಿಲ್ಲ. ಘಾಟಿಯಲ್ಲಿ ಕೆಲವು ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅಲ್ಲಿ ಟೈರ್ ಪಂಕ್ಚರ್ ಆದರೆ ಒಬ್ಬಳೇ ಏನು ಮಾಡುತ್ತಾಳೆ? ಸ್ಟೆಪ್ನಿ ಇಲ್ಲದೆ ಹೋಗಕೂಡದೆಂದು ಹಟ ಹಿಡಿದವನು ನಾನು. ಹುಡುಕುವ ಕೆಲಸವೂ ನನ್ನ ಪಾಲಿಗೇ ಬಂತು.

ಡಿಕ್ಕಿಯೊಳಗಿನ ಗುಂಡನೆಯ ಗುಳಿಯಲ್ಲಿ ಈಗಿನ ಅಗಲವಾದ ಟೈರುಗಳು ಕೂರುವುದಿಲ್ಲ. ರಿಮ್ಮಿನ ನಾಲ್ಕು ಬೋಲ್ಟ್ ತೂತುಗಳ ಅಂತರವೂ ಹೊಂದಬೇಕು. ಜೂನ್‌ನಿಂದ ನಾನು ಮಾತಾಡಿದ ಮಾರಾಟಗಾರರನ್ನೆಲ್ಲ ತಾರೀಖು ಹಾಕಿ ಬರೆದಿಟ್ಟಿದ್ದೆ. ಒಟ್ಟು ಹನ್ನೊಂದು ಜನ. ಮೂವರ ರಿಮ್ ಹೊಂದಲಿಲ್ಲ. ಉಳಿದ ಎಂಟು ಜನರನ್ನು ನಾನು ನಂಬಲಿಲ್ಲ. ಒಬ್ಬ ಫೋಟೊದಲ್ಲಿ ಟೈರಿನ ಒಂದೇ ಬದಿ ತೋರಿಸಿದ. ಒಬ್ಬಳು ಮನೆಯ ವಿಳಾಸ ಕೊಡಲಿಲ್ಲ. ಲಿನ್‌ವುಡ್‌ನಲ್ಲಿ ನನ್ನ ಅಪಾರ್ಟ್‌ಮೆಂಟಿನ ಹತ್ತಿರವೇ ಇದ್ದವನೊಬ್ಬ ಕೇಳಿದ ತಕ್ಷಣ ಬೆಲೆ ಇಳಿಸಿದ. ಅಷ್ಟು ಬೇಗ ಯಾಕೆ ಇಳಿಸಬೇಕು?

"ಎಲ್ರೂ ಕಳ್ಳರೇನೋ?" ಎಂದಳು ಅಕ್ಕ. "ನಂಗೆ ಅನುಮಾನ ಇರೋದು ನಿನ್ ಮೇಲೆ."

ಹನ್ನೆರಡನೆಯವನು ಡುವಾಲ್ ಎಂಬ ಹಳ್ಳಿಯ ರೈತ. ಶನಿವಾರ ಬೆಳಿಗ್ಗೆ ನನ್ನ ಕಾರಿನಲ್ಲಿ ಇಬ್ಬರೂ ಹೋದೆವು. ಕುಂಬಳಕಾಯಿ ಹೊಲದ ಪಕ್ಕದ ಕೊಟ್ಟಿಗೆಯಲ್ಲಿ ಬಿಳಿಗಡ್ಡದ ಮುದುಕ ಕಾಯುತ್ತಿದ್ದ. ಟೈರ್ ಹೊಸದು, ಒಂದು ಮೈಲಿಯೂ ಓಡಿಲ್ಲ ಎಂದು ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. ಸ್ಟೆಪ್ನಿಯನ್ನು ಗೋಡೆಗೆ ಒರಗಿಸಿಟ್ಟಿದ್ದ. ಗೋಡೆಯ ಕಡೆಗಿನ ಮೈ ಕಾಣದಂತೆ ಇಟ್ಟಿದ್ದು ಬೇಕೆಂತಲೇ ಇರಬಹುದೇ ಎಂದುಕೊಂಡೆ.

ಟೇಪ್ ಹಿಡಿದು ಅಳೆದೆ. ರಿಮ್ ಸರಿಯಾಗಿ ಹೊಂದುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ ಅಕ್ಕ ಕೂಗಿದಳು.

"ಅಯ್ಯೋ, ಕುಂಕುಮ ಕಣೋ! ಆಯುಧಪೂಜೆಗೆ ಇಟ್ಟಿರೋದು. ನಮ್ಮೋರ ಗಾಡೀದು! ಸ್ಟೆಪ್ನೀನೂ ಬಿಡದೆ ಪೂಜೆ ಮಾಡೋರು ಅಂದ್ರೆ ಎಷ್ಟು ಚೆನ್ನಾಗಿ ಇಟ್ಕೊಂಡಿರ್ಬೇಕು! ತಗೊಂಡ್ಬಿಡೋಣ."

ಡುವಾಲ್‌ನ ರೈತನ ಕೊಟ್ಟಿಗೆಗೆ ಕುಂಕುಮ ಹೇಗೆ ಬಂತು? ಕದ್ದ ಮಾಲೇ ಇರಬೇಕೆಂದು ನನಗೆ ತೋರಿತು. ಕೇಳಿದೆ. ವಿಮಾನದ ಕಾರ್ಖಾನೆಯಿಂದ ನಿವೃತ್ತರಾದ ಭಾರತದ ಎಂಜಿನಿಯರೊಬ್ಬರಿಂದ ಹೋದ ವರ್ಷ ಇಡೀ ಕಾರನ್ನೇ ಕೊಂಡೆನೆಂದು ಹೇಳಿ, ಮುದುಕ ಕೊಟ್ಟಿಗೆಯ ಮೂಲೆಯಲ್ಲಿ ಬಿಚ್ಚಿಹಾಕಿದ್ದ ಕಾರನ್ನೂ ಅದರ ಕಾಗದಗಳನ್ನೂ ತೋರಿಸಿದ. ರಿಮ್ಮಿನ ಮೇಲಿದ್ದ ಆ ಚುಕ್ಕಿಗಳನ್ನು ಟೈರ್ ಅಂಗಡಿಯವರು ಇಟ್ಟ ಗುರುತೆಂದು ತಿಳಿದಿದ್ದನಂತೆ. ಅಕ್ಕ ನಕ್ಕುಬಿಟ್ಟಳು.

ನಾನು ಬೊಟ್ಟುಗಳನ್ನು ಎಣಿಸಿದೆ. ರಿಮ್ಮಿನ ಅಂಚಿನುದ್ದಕ್ಕೂ ಸಾಲಾಗಿ ಒಂಬತ್ತು.

"ಅಕ್ಕ, ಬಣ್ಣ ನೋಡು. ಮೊದಲನೇದು ಕಪ್ಪಾಗಿದೆ, ಮಧ್ಯದ್ದೆಲ್ಲ ಕಂದು, ಕೊನೇದೊಂದೇ ಕೆಂಪು. ವರ್ಷಕ್ಕೊಂದು ಇಟ್ಟಿದಾರೆ. ಇದು ಹೊಸದು ಹೇಗಾಗತ್ತೆ?"

"ರಿಮ್ ಹಳೇದು, ಟೈರ್ ಆಮೇಲೆ ಹಾಕಿಸಿರ್ಬಹುದಲ್ವಾ?"

ಅವಳ ಮಾತೂ ಸರಿಯೇ. ಟೈರನ್ನು ಮಗುಚಿ ಹಾಕಿದೆ. ಗೋಡೆಯ ಕಡೆಗಿದ್ದ ಮೈಮೇಲೆ, ತಯಾರಾದ ವಾರ ಮತ್ತು ವರ್ಷ ತಿಳಿಸುವ ನಾಲ್ಕು ಅಂಕಿಗಳಿದ್ದವು. ಹನ್ನೆರಡು ವರ್ಷ ಹಳೆಯದು. ಬೆರಳಿನಿಂದ ಒತ್ತಿದರೆ ಸಣ್ಣ ಬಿರುಕುಗಳು ಬಾಯಿ ಬಿಡುತ್ತಿದ್ದವು. ಮುದುಕ ಕನ್ನಡಕ ಹಾಕಿಕೊಂಡು ಅಂಕಿಗಳನ್ನು ಓದಿದ, ಮತ್ತೊಮ್ಮೆ ಓದಿದ. ಓಡಿಲ್ಲವೆಂದು ಹೇಳಿದ್ದು ನಿಜ, ಹಳೆಯದೆಂದು ಗೊತ್ತಿರಲಿಲ್ಲ, ಕ್ಷಮಿಸಿ ಎಂದ. ಅವನ ಮುಖ ನೋಡಿದರೆ ನಂಬಬೇಕೆನಿಸಿತು. ಪೂರ್ತಿ ನಂಬಲಿಲ್ಲ.

ಅಕ್ಕನ ಮುಖ ಬಾಡಿತ್ತು. ನಾಳೆ ಸ್ಟೆಪ್ನಿಯಿಲ್ಲದೆ ಹೊರಟೇಬಿಡುತ್ತಾಳೆಂದು ಹೆದರಿ, "ಬರೀ ರಿಮ್ ತಗೊಂಡು ಹೊಸ ಟೈರ್ ಹಾಕಿಸೋಣ" ಎಂದೆ. ಇಸ್ಸಾಕ್ವಾದ ಟೈರ್ ಅಂಗಡಿಗೆ ಫೋನ್ ಮಾಡಿದೆ. ಆ ಅಳತೆಯದು ಅವರಲ್ಲಿ ಒಂದಿತ್ತು.

ರಿಮ್ಮನ್ನು ನನ್ನ ಕಾರಿನಲ್ಲಿ ಹಾಕಿಕೊಂಡು ಟೈರ್ ಅಂಗಡಿಯತ್ತ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಆ ಎಂಟು ಜನರ ಹತ್ರಾನೂ ಬರೀ ರಿಮ್ ತಗೋಬಹುದಿತ್ತು, ಅಲ್ವೇನೋ?"

ನಾನು ಹಿಂದಿನ ಗಾಡಿ ನೋಡುವ ಕನ್ನಡಿಯನ್ನು ಸರಿಪಡಿಸಿದೆ.

"ಜೂನ್‌ನಲ್ಲೇ ತಗೋಬಹುದಿತ್ತು. ನಾನು ಆ ಕಾರಲ್ಲಿ ಘಾಟಿ ಹತ್ತೋದೇ ನಿಂಗೆ ಬೇಡ. ಅದಕ್ಕೇ ಎಲ್ರಲ್ಲೂ ಹುಳುಕು ಹುಡುಕ್ತಾ ಕೂತೆ."

"ಹಾಗೇನಿಲ್ಲ ಅಕ್ಕ."

"ನಾಳೆ ನೀನೂ ಬರ್ತಿದೀಯ. ಪಕ್ಕದ ಸೀಟಲ್ಲಿ ಕೂತ್ಕೊ."

ಭಾನುವಾರ ಬೆಳಿಗ್ಗೆ, ಹೊಸ ಟೈರ್ ಹಾಕಿಸಿದ ಸ್ಟೆಪ್ನಿ ಗುಳಿಯಲ್ಲಿ ಸರಿಯಾಗಿ ಕೂತಿತು. ಎರಡು ಸಲ ಗಾಳಿ ನೋಡಿ ಹತ್ತಿ ಕೂತೆ. ಊರುಗಳೆಲ್ಲ ಹಿಂದಾಗಿ ರಸ್ತೆ ಏರತೊಡಗಿತು. ದೊಡ್ಡ ಲಾರಿಗಳ ಪಕ್ಕದಲ್ಲಿ ನಾವು ನೆಲಕ್ಕೇ ಅಂಟಿಕೊಂಡು ಹೋಗುತ್ತಿದ್ದಂತಿತ್ತು.

"ಈಗೇನು ಅನುಮಾನ ನಿಂದು?" ಎಂದಳು ಅಕ್ಕ.

"ಬ್ರೇಕ್ ಹಾಕಿದಾಗ ಏನೋ ಸದ್ದು ಬರ್ತಿದೆ."

"ಹಾಗಾದ್ರೆ ಹಾಕಲ್ಲ ಬಿಡು" ಎಂದು ಗೇರ್ ಬದಲಿಸಿದಳು.