ಗೋಡೆಯ ಬಣ್ಣದ ಏಸಿ

ಫೋನ್ ಹಿಡಿದು ಕಾಯುವುದರಲ್ಲಿ ಡೊರೀನ್ ಪ್ರೂಯಿಟ್‌ಳನ್ನು ಸೋಲಿಸುವವರು ಅರಿಜೋನಾದಲ್ಲೇ ಇನ್ನೂ ಹುಟ್ಟಿರಲಿಲ್ಲ. ಮೇಸಾ ಊರಿನ ಶಾಲಾ ಬಸ್ಸನ್ನು ಕೂದಲು ಬೆಳ್ಳಗಾಗುವವರೆಗೆ ಓಡಿಸಿದವಳು. ಬೂಟು ಸಿಗದೆ ಮನೆಯಿಂದ ಹೊರಬೀಳದ ಮಕ್ಕಳಿಗಾಗಿ ಕಾದೂ ಕಾದೂ ಅವಳ ತಾಳ್ಮೆ ಕಲ್ಲಾಗಿತ್ತು. "ಕಂಪನಿಯವ್ರು ಹಾಡು ಹಾಕಿ ಕೂರಿಸ್ತಾರಲ್ಲ, ಆ ಹಾಡೇ ಸುಸ್ತಾಗಿ ನಿಲ್ಬೇಕು, ನಾನು ಫೋನ್ ಇಡೋಳಲ್ಲ" ಎಂದು ಬೀದಿಗೆಲ್ಲ ಹೇಳಿಕೊಂಡಿದ್ದಳು.

ಆ ಜುಲೈಯ ಉರಿಬೇಸಿಗೆಯಲ್ಲಿ ಅವಳ ಮನೆಯ ಏಸಿ ಸತ್ತಿತು. ಚಳಿಗಾಲಕ್ಕೆ ಬಿಸಿ, ಬೇಸಿಗೆಗೆ ತಂಪು, ಎರಡಕ್ಕೂ ಅದೊಂದೇ ಯಂತ್ರ. ಹೊರಗೆ ಹಲ್ಲಿಗಳು ಒಂದು ಕಾಲು ಊರಿ ಮೂರು ಕಾಲು ಎತ್ತಿಕೊಂಡು ನಡೆಯುತ್ತಿದ್ದವು. ಅಂಚೆಪೆಟ್ಟಿಗೆಯಿಂದ ತೆಗೆದ ಕಾಗದ ಹಪ್ಪಳದಂತೆ ಮುರಿಯುತ್ತಿತ್ತು. ಒಳಗೆ ಗಂಡ ವರ್ನ್, ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿಕೊಂಡು, ಮಂಜುಗಡ್ಡೆಯ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದ. ಈ ಸೆಕೆಯನ್ನು ಅವನ ಶ್ವಾಸಕೋಶ ಬಹಳ ದಿನ ತಡೆಯದು ಎಂದು ಡಾಕ್ಟರ್ ಹೇಳಿಯಾಗಿತ್ತು.

"ಹೆದರ್ಬೇಡ, ವಾರಂಟಿ ಇದೆಯಲ್ಲ" ಎಂದಳು ಡೊರೀನ್. ಮನೆಯಲ್ಲಿ ಏನು ಕೆಟ್ಟರೂ ಸರಿಮಾಡುತ್ತೇವೆ, ಆಗದಿದ್ದರೆ ಹೊಸದು ಹಾಕುತ್ತೇವೆ ಎಂದು ತಿಂಗಳು ತಿಂಗಳು ಕಂತು ಕಟ್ಟಿಸಿಕೊಳ್ಳುತ್ತಿದ್ದ ಕಂಪನಿ ಅದು.

ಕಂಪನಿ ಕಳಿಸಿದ ಮೆಕ್ಯಾನಿಕ್ ಎಫ್ರೇನ್ ಯಂತ್ರದ ಸುತ್ತ ಬಂದು ತಲೆಯಾಡಿಸಿದ. "ಕಂಪ್ರೆಸರ್ ಹೋಗಿದೆ ಅಮ್ಮಾ, ಹೊಸ ಯಂತ್ರವೇ ಬೇಕು. ಯಂತ್ರದ ಮೈಮೇಲಿರೋ ನಂಬರ್ ಪ್ಲೇಟಿನ ಫೋಟೊ ಕಂಪನಿಗೆ ಕಳಿಸ್ಬೇಕು. ಪ್ಲೇಟ್ ಎಲ್ಲಿ?"

ಡೊರೀನ್ ಮುಖ ಸಣ್ಣದಾಯಿತು. ಬೀದಿಗೆ ಕಾಣುವ ಯಂತ್ರಗಳೆಲ್ಲ ಗೋಡೆಯ ಬಣ್ಣದಲ್ಲೇ ಇರತಕ್ಕದ್ದು ಎಂದು ಬಡಾವಣೆಯ ಮನೆ ಮಾಲೀಕರ ಸಂಘ ಆಗಷ್ಟೇ ನೋಟಿಸು ಕೊಟ್ಟಿತ್ತು. ಕಳ್ಳಿಗಿಡ ಸೊಟ್ಟಗೆ ನಿಂತರೂ ದಂಡ ಹಾಕುವ ಸಂಘ. ಅದಕ್ಕೆ ಹೆದರಿ ಇವಳು ಬ್ರಷ್ ಹಿಡಿದು ಇಡೀ ಯಂತ್ರಕ್ಕೆ ಗೋಡೆಯ ಮರಳು ಬಣ್ಣ ಬಳಿದಿದ್ದಳು, ಒಣಗಿದ ಮೇಲೆ ಇನ್ನೊಂದು ಸಲ.

"ಪ್ಲೇಟನ್ನೂ ಬಿಡ್ಲಿಲ್ವಾ?"

"ಅರ್ಧಂಬರ್ಧ ಕೆಲಸ ನಂಗೆ ಗೊತ್ತಿಲ್ಲಪ್ಪ."

ಮರುದಿನ ಕಂಪನಿಯ ಉತ್ತರ ಬಂತು: ನಂಬರಿಲ್ಲದ ಯಂತ್ರಕ್ಕೆ ವಾರಂಟಿ ಅನ್ವಯಿಸದು.

ಡೊರೀನ್ ಫೋನ್ ಹಚ್ಚಿದಳು. ಹಾಡು ಶುರುವಾಯಿತು. ಹಾಡು ಮುಗಿದು ಮತ್ತೆ ಅದೇ ಹಾಡು ಶುರುವಾಯಿತು. ಗೋಡೆಗಳು ಬೆವರಿದವು, ಗಡಿಯಾರದ ಮುಳ್ಳುಗಳು ಕರಗಿ ಜೋಲುಬಿದ್ದವು, ಹಾಡು ಮಾತ್ರ ಹೊಸ ಮದುಮಗನಂತೆ ಗೆಲುವಾಗಿತ್ತು. ಕೊನೆಗೂ ಆ ಕಡೆಯಿಂದ ಯಾರೋ "ಹಲೋ, ಹಲೋ" ಎಂದಾಗ ಈ ಕಡೆಯಿಂದ ಗೊರಕೆ ಕೇಳಿಸಿತು. ಫೋನ್ ಕಟ್ಟಾಯಿತು.

ಅವಳು ಎಚ್ಚರಗೊಂಡಾಗ ವರ್ನ್ ನಗುತ್ತ ಕೆಮ್ಮುತ್ತಿದ್ದ. "ಹಾಡೇ ಗೆಲ್ತು ಕಣೇ."

"ಎಬ್ಬಿಸೋಕೇನಾಗಿತ್ತು ನಿಂಗೆ?"

"ಮನಸ್ಸು ಬರ್ಲಿಲ್ಲ. ನೀನು ಕಣ್ಣು ಮುಚ್ಚಿದ್ದು ನೋಡಿ ಎಷ್ಟು ಕಾಲ ಆಯ್ತು."

ಡೊರೀನ್ ಎದ್ದಳು. ಉಗುರುಬಣ್ಣ ಅಳಿಸುವ ದ್ರಾವಣ, ಒಂದು ಹಿಡಿ ಹತ್ತಿ, ಗಂಡನ ಹ್ಯಾಟು ತೆಗೆದುಕೊಂಡು ಬಿಸಿಲಿಗೆ ಹೋಗಿ ಕೂತಳು. ಉಜ್ಜಿದಳು, ಉಸಿರು ಬಿಟ್ಟಳು, ಮತ್ತೆ ಉಜ್ಜಿದಳು. ಅಂಕಿಗಳು ಒಂದೊಂದಾಗಿ ಮೇಲೆದ್ದವು. ಫೋಟೊ ಕಳಿಸಿ, ಈ ಸಲ ನಿಂತುಕೊಂಡೇ ಫೋನ್ ಮಾಡಿದಳು.

ಸಿಕ್ಕಿದವನ ಹೆಸರು ಟ್ರೆವರ್. "ಅಭಿನಂದನೆಗಳು ಮೇಡಂ, ಹೊಸ ಯಂತ್ರ ಮಂಜೂರಾಗಿದೆ!"

"ಯಾವಾಗ ಬರತ್ತೆ?"

"ದಾಸ್ತಾನಿಲ್ಲ ಮೇಡಂ. ಮುಂದಿನ ತಿಂಗಳ ಒಳಗೆ ಖಂಡಿತ."

"ನನ್ನ ಗಂಡನಿಗೆ ಉಸಿರಾಟದ ತೊಂದರೆ. ಅಲ್ಲೀವರೆಗೆ ತಡಿಯಲ್ಲಪ್ಪ."

"ನಿಮ್ಮ ಕಷ್ಟ ನಮಗೆ ಅರ್ಥ ಆಗತ್ತೆ ಮೇಡಂ. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಬಕೆಟ್ಟಿನಲ್ಲಿ ಮಂಜು ಕರಗಿ ನೀರು ಬೆಚ್ಚಗಾಗಿತ್ತು. ಡೊರೀನ್ ಅದನ್ನೇ ನೋಡುತ್ತ ಕೇಳಿದಳು: "ನಿಮ್ಮ ಆಫೀಸಲ್ಲಿ ಏಸಿ ಇದೆಯಾ ಮಗಾ?"

"ಇದೆ ಮೇಡಂ. ಜಾಸ್ತೀನೇ ಇದೆ, ಸ್ವೆಟರ್ ಹಾಕ್ಕೊಂಡು ಕೂತಿದೀನಿ."

"ಹಾಗಾದ್ರೆ ನಿನ್ನ ಪಕ್ಕ ಒಂದು ಕುರ್ಚಿ ಹಾಕ್ಸಿಡು, ಆಕ್ಸಿಜನ್ ಯಂತ್ರಕ್ಕೊಂದು ಪ್ಲಗ್ ಖಾಲಿ ಇರಲಿ. ಮುಂದಿನ ತಿಂಗಳವರೆಗೆ ನಮ್ಮ ಯಜಮಾನ್ರು ಅಲ್ಲೇ ಇರ್ತಾರೆ. ಊಟಕ್ಕೆ ಉಪ್ಪು ಕಮ್ಮಿ ಹಾಕು."