ತಿದಿ ಕಟ್ಟಿದ ವಾಲಗ

ತರೀಕೆರೆಯಲ್ಲಿ ನನ್ನದೊಂದು ಹಾರ್ಮೋನಿಯಂ ರಿಪೇರಿ ಅಂಗಡಿ. ಹೊಸ ವಾದ್ಯ ಕಂಡುಹಿಡಿಯುವ ಹುಚ್ಚು ನನಗೆ ಯಾವತ್ತೂ ಇರಲಿಲ್ಲ. ಹಳೆಯವುಗಳ ಬಾಯಿ ಬಿಡಿಸುವಷ್ಟರಲ್ಲೇ ಸುಸ್ತಾಗುವ ಮನುಷ್ಯ ನಾನು. ಆದರೂ ಒಂದನ್ನು ಮಾಡಿದೆ. ನಮ್ಮಣ್ಣನಿಗಾಗಿ ಮಾಡಿದೆ.

ಅಣ್ಣ ಇರುವುದು ಅಜ್ಜಂಪುರದಲ್ಲಿ. ನಮ್ಮಪ್ಪನ ಹಾಗೆ ಅವನೂ ಮದುವೆಗಳಲ್ಲಿ ವಾಲಗ ಊದಿಕೊಂಡೇ ಬದುಕಿದವನು. ಎದೆ ಕೆಟ್ಟು, ಇನ್ನು ಊದಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಕೂತ. ಕೂತವನು ಮೊದಲು ಮಾತು ಬಿಟ್ಟ, ಆಮೇಲೆ ಊಟ ಬಿಟ್ಟ. ಅತ್ತಿಗೆ ಫೋನ್ ಮಾಡಿ, "ಏನಾದ್ರೂ ಮಾಡಪ್ಪಾ, ಗೋಡೆ ನೋಡ್ಕೊಂಡು ಕೂತವ್ರೆ" ಎಂದರು.

ಊದುವ ಕೆಲಸವನ್ನು ಕಾಲಿಗೆ ಕೊಟ್ಟರೆ ಹೇಗೆ ಅನ್ನಿಸಿತು. ಹಾರ್ಮೋನಿಯಂ ತಿದಿಯನ್ನು ಪಾದದಿಂದ ಒತ್ತುವ ಹಾಗೆ ಕೂರಿಸಿದೆ. ಗಾಳಿ ತುಂಬಿಡಲು ಪಕ್ಕದ ಪಂಚರ್ ಅಂಗಡಿಯ ಭಾಯಿ ಹಳೇ ಟ್ಯೂಬ್ ಕೊಟ್ಟರು. ವಾಲಗದ ತುದಿಯಲ್ಲಿ, ತುಟಿಗಿಡುವ ಕಡೆ, ಜೊಂಡಿನ ಪೀಪಿ ಇರುತ್ತದಲ್ಲ, ಅದನ್ನು ಪುಟ್ಟ ಡಬ್ಬಿಯೊಳಗೆ ಮುಚ್ಚಿ ಗಾಳಿ ಅಲ್ಲಿಗೆ ಹೋಗುವಂತೆ ಮಾಡಿದೆ. ಬೆರಳು ಅಣ್ಣನದು, ಉಸಿರು ತಿದಿಯದು. ಮೊದಲನೆಯದು ಎಮ್ಮೆಯ ಹಾಗೆ ಕೂಗಿತು. ಎರಡನೆಯದು ಕೂಗಲೇ ಇಲ್ಲ. "ಗಣಪತಿ ಮಾಡಕ್ಕೋಗಿ ಅವರಪ್ಪನ್ನ ಮಾಡ್ಬೇಡಿ ಕಣ್ರೀ" ಎಂದು ಭಾಯಿ ನಗುತ್ತಿದ್ದರು. ಐದನೆಯದು ಕೈಕೊಡುವ ಹೊತ್ತಿಗೆ ಒಂದೂವರೆ ವರ್ಷ ಹೋಗಿತ್ತು. ಬಸ್ಸಿನಲ್ಲಿ ಅಜ್ಜಂಪುರಕ್ಕೆ ಓಡಾಡಿ ನನ್ನ ಸೊಂಟವೂ ಹೋಗಿತ್ತು.

ಆರನೆಯದು ನುಡಿಯಿತು. ತುಟಿಯ ಹಿಡಿತ ಇಲ್ಲದ್ದರಿಂದ ಸ್ವರ ಮರಗಟ್ಟಿದಂತಿತ್ತು, ಆದರೂ ನುಡಿಯಿತು. ಅವತ್ತು ಅಣ್ಣ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಕಡೂರಿನ ಕಲ್ಯಾಣ ಮಂಟಪವೊಂದರಲ್ಲಿ ಮೊದಲ ಮದುವೆ ಒಪ್ಪಿಕೊಂಡೆವು. ಬೆಳಗ್ಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಜನ ಹೆಣ್ಣು ಗಂಡನ್ನು ಬಿಟ್ಟು ನನ್ನ ತಿದಿಯ ಫೋಟೋ ತೆಗೆದರು. ಅಣ್ಣನ ಒಂದು ಕೆನ್ನೆ ಉಬ್ಬಿತ್ತು. ಎಲೆ ಅಡಿಕೆ ಅಂದುಕೊಂಡೆ. ಮಂತ್ರದ ನಡುವೆ ವಾಲಗ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದರು. ಡೋಲು ಬಡಿಯಿತು. ಅಣ್ಣ ಕಾಲೊತ್ತಿದ. ಬುಸ್ಸೆಂದು ಬರೀ ಗಾಳಿ ಬಂತು.

ಪೀಪಿ ಒಣಗಿತ್ತು. ಮನೆಯಲ್ಲಿ ಪ್ರತಿ ಸಲವೂ ಡಬ್ಬಿಗೆ ಹಾಕುವ ಮುಂಚೆ ಅಣ್ಣ ಅದನ್ನು ಬಾಯಲ್ಲಿಟ್ಟು ನೆನೆಸುತ್ತಿದ್ದ. ಹುಟ್ಟಿದಾಗಿನಿಂದ ನೋಡಿದ ಅಭ್ಯಾಸವಾದ್ದರಿಂದ ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಬಾಯಿಯ ಉಸಿರಿನಲ್ಲಿ ಪಸೆ ಇರುತ್ತದೆ, ತಿದಿಯ ಗಾಳಿಯಲ್ಲಿ ಎಲ್ಲಿಂದ ಬರಬೇಕು? ವಾಲಗದ ಮನೆಯಲ್ಲಿ ಹುಟ್ಟಿ ನಾನು ಎಂಜಲನ್ನೇ ಮರೆತಿದ್ದೆ.

ಗಂಡು ತಾಳಿ ಹಿಡಿದುಕೊಂಡು ನಮ್ಮ ಕಡೆ ನೋಡುತ್ತಿದ್ದ. ಆ ಗಳಿಗೆಯಲ್ಲಿ ಯಾರಾದರೂ ಸೀನಿದ್ದು ಕೇಳಿಸಿದರೂ ಅಪಶಕುನ ಅನ್ನುವವರು ನಮ್ಮ ಜನ. ಅಣ್ಣ ವಾಲಗವನ್ನು ಡಬ್ಬಿಯಿಂದ ಕಿತ್ತ. ಕೆನ್ನೆಯೊಳಗಿಂದ ಒದ್ದೆ ಪೀಪಿಯೊಂದನ್ನು ತೆಗೆದು ಸಿಕ್ಕಿಸಿದ. ಊದಿದ. ತಾಳಿಯ ಮೂರು ಗಂಟು ಬೀಳುವವರೆಗೂ ಊದಿದ.

ಆಮೇಲೆ ಅವನನ್ನು ಗೋಡೆಗೆ ಒರಗಿಸಿ ಕೂರಿಸಿದೆ. ಉಸಿರು ಎಳೆದು ಎಳೆದು ಬಿಡುತ್ತಿದ್ದ.

"ಹಿಂಗಾಗುತ್ತೆ ಅಂತ ಗೊತ್ತಿತ್ತೇನಣ್ಣಾ?"

"ಇಲ್ಲ ಕಣೋ. ಬಾಯಿ ಬರಿದು ಮಾಡ್ಕೊಂಡು ವಾಲಗದ ಮುಂದೆ ಕೂರಕ್ಕೆ ಆಗ್ಲಿಲ್ಲ."

ಈಗ ಅವನಿಗೆ ಮನೆಯ ಮೆಟ್ಟಿಲು ಹತ್ತುವುದೂ ಕಷ್ಟ. ಅತ್ತಿಗೆ ನನ್ನನ್ನು ಬೈಯುವುದಿಲ್ಲ. ಮಿಷನ್ನು ಕೈಕೊಟ್ಟಿತು, ಪಾಪ ನೀನೇನು ಮಾಡ್ತೀಯ ಅನ್ನುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಕೈ ಚಾಚಿ ವಾಲಗ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ತಿದಿಯ ಆ ಮರಗಟ್ಟಿದ ಸ್ವರ ಕೇಳಿ ಕೇಳಿ ನನಗೆ ಸಾಕಾಗಿತ್ತು. ಅಣ್ಣ ಊದುವುದನ್ನು ಇನ್ನೊಂದೇ ಒಂದು ಸಲ ಕೇಳಬೇಕಿತ್ತು.